ಗತಕಾಲದ ಅಂಕಿಗಳೂ ನಿವೃತ್ತಿಯ ಗಣನೆಯೂ : ಒಂದು ಆಕರ ವಿಮರ್ಶೆ

ಮುಪ್ಪಿನ ಕಾಲಕ್ಕೆಂದು ಇಂದು ಎಷ್ಟು ಕೂಡಿಡಬೇಕು, ಕೂಡಿಟ್ಟುದರಲ್ಲಿ ವರ್ಷಕ್ಕೆ ಎಷ್ಟನ್ನು ತೆಗೆದರೆ ಅದು ಕಡೆಯ ತನಕ ಉಳಿದೀತು ಎಂಬ ಪ್ರಶ್ನೆ ಮೇಲುನೋಟಕ್ಕೆ ಅರ್ಥಶಾಸ್ತ್ರಕ್ಕೆ ಸೇರಿದುದು. ಇತಿಹಾಸದ ಅಧ್ಯಾಪಕನು ಅದರಲ್ಲಿ ತಲೆಹಾಕುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಆದರೆ ಈಚಿನ ಮೂರು ದಶಕಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವರು ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಿದ್ದಾರೆ. ಸಾಕ್ಷಿಯನ್ನು ಕರೆದ ಮೇಲೆ ಅದನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ನಮಗೂ ಇದೆ. ಶಾಸನವೊಂದು ದೊರೆತಾಗ ಅದನ್ನು ಯಾರು ಬರೆಯಿಸಿದರು, ಯಾವಾಗ ಬರೆಯಿಸಿದರು, ಅದರ ಜೊತೆಯ ಕಲ್ಲುಗಳೆಷ್ಟು ನಾಶವಾಗಿವೆ ಎಂದು ನಾವು ಕೇಳುವುದಷ್ಟೆ. ಅದೇ ಪ್ರಶ್ನೆಗಳನ್ನು ಷೇರುಪೇಟೆಯ ಅಂಕಿಗಳಿಗೂ ಹಾಕಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯವು ನಮ್ಮ ಕಾಲೇಜುಗಳ ಅಧ್ಯಾಪಕರಿಗೆ ದೂರದ್ದಲ್ಲ. 2006ನೆಯ ಏಪ್ರಿಲ್ 1ಕ್ಕೆ ಮುಂಚೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ಪೂರ್ಣ ಸೇವೆಯ ಮೇಲೆ ಕೊನೆಯ ವೇತನದ ಅರ್ಧದಷ್ಟು ನಿವೃತ್ತಿವೇತನವೂ, ಅದರ ಮೇಲೆ ಬೆಲೆಗಳೊಡನೆ ಏರುವ ತುಟ್ಟಿಭತ್ಯೆಯೂ ಉಂಟು. ಆ ದಿನದಿಂದೀಚೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಎಂದರೆ ಎಲ್ಲರೂ ಎನ್.ಪಿ.ಎಸ್. ಎನ್ನುವ ಏರ್ಪಾಟಿಗೆ, ಒಳಪಟ್ಟರು. ಇವರ ಪಾಲಿಗೆ ಇರುವುದು ಒಂದು ಮೊತ್ತ. ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟನ್ನು ವರ್ಷಾಶನ ಕೊಳ್ಳಲು ತೊಡಗಿಸಿ, ಮಿಕ್ಕುದನ್ನು ನಿವೃತ್ತರಾದವರು ತಾವೇ ನಡೆಸಿಕೊಂಡು ಹೋಗಬೇಕು. ಹಿಂದಿನವರ ಮುಪ್ಪಿನ ಅಪಾಯವನ್ನು ಸರ್ಕಾರದ ಬೊಕ್ಕಸ ಹೊತ್ತಿತ್ತು. ಇಂದಿನವರದನ್ನು ಅವರವರ ಲೆಕ್ಕಾಚಾರ ಹೊರಬೇಕಾಗಿದೆ. ಆ ಲೆಕ್ಕಾಚಾರಕ್ಕೆ ಆಧಾರವಾಗಿ ಒದಗಿಬರುವ ಉಪಕರಣವೇ ಚಾರಿತ್ರಿಕ ಅನುಕರಣ, ಅಥವಾ ಆರ್ಥಿಕ ಸಲಹೆಗಾರರ ಮಾತಿನಲ್ಲಿ ಹಿಸ್ಟಾರಿಕಲ್ ಸಿಮ್ಯುಲೇಶನ್.

ಈ ಪದ್ಧತಿಯ ಸ್ವರೂಪ ಸರಳವಾದುದು. ಒಬ್ಬನು 1926ರಲ್ಲಿ ನಿವೃತ್ತನಾದನೆಂದು ಕಲ್ಪಿಸಿ, ಅವನ ಹಣವು ಆ ಮುಂದಿನ 30 ವರ್ಷಗಳಲ್ಲಿ ಷೇರು ಮತ್ತು ಸಾಲಪತ್ರಗಳು ನಿಜವಾಗಿ ಗಳಿಸಿದ ದರದಲ್ಲೇ ಬೆಳೆಯಿತೆಂದೂ ಕರಗಿತೆಂದೂ ಲೆಕ್ಕಹಾಕುವುದು; ಬಳಿಕ 1927ರಲ್ಲಿ ನಿವೃತ್ತನಾದವನಿಗೆ, 1928ರಲ್ಲಿ ನಿವೃತ್ತನಾದವನಿಗೆ, ಹೀಗೆ ವರ್ಷಕ್ಕೊಬ್ಬ ಕಲ್ಪಿತ ವೃದ್ಧನನ್ನು ನಿಲ್ಲಿಸುತ್ತ ಹೋಗುವುದು. ಅಮೆರಿಕದ ಆರ್ಥಿಕ ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಮೂಲ. ಅರ್ಧದಷ್ಟು ಅಥವಾ ಅದಕ್ಕೆ ತುಸು ಹೆಚ್ಚು ಹಣ ಷೇರುಗಳಲ್ಲಿಯೂ ಉಳಿದುದು ಸರ್ಕಾರದ ಸಾಲಪತ್ರಗಳಲ್ಲಿಯೂ ಇದ್ದು, ಮೊದಲ ವರ್ಷ ಮೊತ್ತದ ಶೇಕಡಾ 4ನ್ನೂ ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಅಷ್ಟನ್ನೇ ತೆಗೆದರೆ, 30 ವರ್ಷಗಳ ಒಳಗೆ ಯಾರ ಹಣವೂ ಮುಗಿದುಹೋಗುತ್ತಿರಲಿಲ್ಲವೆಂದು ಅವರು ತೋರಿಸಿದರು. 1998ರಲ್ಲಿ ಟೆಕ್ಸಾಸ್ ಪ್ರಾಂತದ ಟ್ರಿನಿಟಿ ವಿಶ್ವವಿದ್ಯಾನಿಲಯದ ಕೂಲಿ, ಹಬ್ಬರ್ಡ್, ವಾಲ್ಜ್ ಎಂಬ ಮೂವರು ಪ್ರಾಧ್ಯಾಪಕರು ಇದೇ ಕೆಲಸವನ್ನು ವಿಸ್ತರಿಸಿ, ಫಲವನ್ನು ‘ಯಶಸ್ಸಿನ ಪ್ರಮಾಣ’ವೆಂಬ ಶೇಕಡಾವಾರು ಕೋಷ್ಟಕಗಳಲ್ಲಿ ಕೊಟ್ಟರು. ಆ ಕೋಷ್ಟಕಗಳ ಸಂತತಿ ಈಗ ಲೋಕವ್ಯಾಪಿಯಾಗಿದೆ. ಬೆಂಗೆನ್ ತಾವೇ ಆಮೇಲೆ ಹೆಚ್ಚು ಬಗೆಯ ಷೇರುಗಳನ್ನು ಸೇರಿಸಿ, 2025ರ ಪುಸ್ತಕದಲ್ಲಿ ತಮ್ಮ ಅಂಕಿಯನ್ನು ಶೇಕಡಾ 4.7ಕ್ಕೆ ಏರಿಸಿದ್ದಾರೆ.

ಪದ್ಧತಿಯ ದೋಷವನ್ನು ಹೇಳುವ ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಅದಕ್ಕೂ ಹಿಂದೆ ಸಲಹೆಗಾರರು ಸರಾಸರಿ ಗಳಿಕೆಯೊಂದನ್ನು ಇಟ್ಟುಕೊಂಡು ಲೆಕ್ಕ ಹೇಳುತ್ತಿದ್ದರು. ಸರಾಸರಿಯಲ್ಲಿ ಕಾಲಕ್ರಮ ಅಳಿಸಿಹೋಗುತ್ತದೆ. ಇಬ್ಬರ ಬಳಿ ತಲಾ 50 ಲಕ್ಷ ರೂಪಾಯಿ ಇದೆ, ಇಬ್ಬರೂ ವರ್ಷಾರಂಭದಲ್ಲಿ 5 ಲಕ್ಷ ತೆಗೆಯುತ್ತಾರೆ ಎಂದುಕೊಳ್ಳೋಣ. ಮೊದಲನೆಯವನಿಗೆ ಮೊದಲ ವರ್ಷ ಶೇಕಡಾ 40 ನಷ್ಟ, ಎರಡನೆಯ ವರ್ಷ ಶೇಕಡಾ 50 ಲಾಭ. ಎರಡನೆಯವನಿಗೆ ಇದೇ ಎರಡು ವರ್ಷಗಳು ಹಿಂದುಮುಂದಾಗಿ ಬರುತ್ತವೆ. ಹಣ ತೆಗೆಯದಿದ್ದರೆ ಇಬ್ಬರಿಗೂ ಉಳಿಯುತ್ತಿದ್ದುದು ಒಂದೇ, 45 ಲಕ್ಷ. ತೆಗೆದುದರಿಂದ ಮೊದಲನೆಯವನಿಗೆ ಉಳಿಯುವುದು 33 ಲಕ್ಷ, ಎರಡನೆಯವನಿಗೆ 37.5 ಲಕ್ಷ. ಎರಡೇ ವರ್ಷಗಳಲ್ಲಿ ಇಷ್ಟು ಅಂತರವಾದರೆ ಮೂವತ್ತು ವರ್ಷಗಳಲ್ಲಿ ಏನಾದೀತೆಂಬುದನ್ನು ಊಹಿಸಬಹುದು. ಘಟನೆಗಳ ಕ್ರಮವೇ ಫಲವನ್ನು ನಿರ್ಣಯಿಸುತ್ತದೆಂಬ ಈ ಅರಿವು ಚರಿತ್ರಕಾರನಿಗೆ ಪ್ರಿಯವಾದುದೇ. ಬೆಂಗೆನ್ ಅದನ್ನು ಗಣನೆಯೊಳಕ್ಕೆ ತಂದುದು ದೊಡ್ಡ ಉಪಕಾರ.

ಹಾಗಾದರೆ ಆಕ್ಷೇಪವೇನು? ಮೊದಲನೆಯದು ಸಾಕ್ಷಿಗಳ ಸಂಖ್ಯೆಗೆ ಸಂಬಂಧಿಸಿದ್ದು. 1926ರ ಆರಂಭದಿಂದ 2025ರ ಕೊನೆಯವರೆಗೆ 100 ವರ್ಷಗಳು. ಇದರಲ್ಲಿ 30 ವರ್ಷಗಳ ಅವಧಿಗಳನ್ನು 71 ಬಗೆಯಲ್ಲಿ ಕತ್ತರಿಸಬಹುದು. 71ರಲ್ಲಿ 68 ಗೆದ್ದರೆ ಕೋಷ್ಟಕವು ಸುಮಾರು ಶೇಕಡಾ 96 ಯಶಸ್ಸೆಂದು ಬರೆಯುತ್ತದೆ. ಆದರೆ ಅಕ್ಕಪಕ್ಕದ ಎರಡು ಅವಧಿಗಳಲ್ಲಿ 29 ವರ್ಷಗಳು ಸಮಾನ. ಒಂದರೊಡನೊಂದು ಬೆರೆಯದ ಅವಧಿಗಳು ಇರುವುದು ಮೂರೇ. ಒಂದೇ ಮೂಲಪ್ರತಿಯಿಂದ ನಕಲಾದ 71 ಓಲೆಗರಿಗಳನ್ನು 71 ಸ್ವತಂತ್ರ ಆಧಾರಗಳೆಂದು ಎಣಿಸುವ ಸಂಪಾದಕನನ್ನು ನಾವು ಒಪ್ಪುವೆವೆ? ಮೂರು ಸಾಕ್ಷಿಗಳಿಂದ ಶೇಕಡಾವಾರು ಸಂಭವನೀಯತೆಯನ್ನು ಹೇಳುವುದು ಗಣಿತದ ವೇಷ ತೊಟ್ಟ ಅತಿಶಯೋಕ್ತಿ.

ಎರಡನೆಯದು ಸಾಕ್ಷಿಯ ಆಯ್ಕೆ. ಇಪ್ಪತ್ತನೆಯ ಶತಮಾನದ ಅಮೆರಿಕವು ತನ್ನ ಮುಖ್ಯ ಭೂಭಾಗದ ಮೇಲೆ ಪರಸೈನ್ಯವನ್ನು ಕಾಣದ, ನಾಣ್ಯ ಕುಸಿಯದ, ಆಸ್ತಿಯ ಹಕ್ಕು ಮುರಿಯದ ದೇಶ. ಅದರ ಅಂಕಿಗಳು ಅವಿಚ್ಛಿನ್ನವಾಗಿ ಉಳಿದುಬಂದಿರುವುದಕ್ಕೂ ಅವು ಅಷ್ಟು ಸುಂದರವಾಗಿರುವುದಕ್ಕೂ ಕಾರಣ ಒಂದೇ. ರಷ್ಯದ ಷೇರುಪೇಟೆ 1917ರಲ್ಲಿಯೂ ಚೀನದ್ದು 1949ರಲ್ಲಿಯೂ ನಿಂತುಹೋದುವು. ಅಲ್ಲಿ ಕೂಡಿಟ್ಟವರ ಪಾಲಿಗೆ ಮುಂದಿನ ವರ್ಷದ ಅಂಕಿಯೇ ಇಲ್ಲ. ಜೋರಿಯಾನ್ ಮತ್ತು ಗೋಟ್ಸ್‌ಮನ್ ಎಂಬ ವಿದ್ವಾಂಸರು 1999ರಲ್ಲಿ 39 ದೇಶಗಳ ಪೇಟೆಗಳನ್ನು ಪರಿಶೀಲಿಸಿ, 1921ರಿಂದ 1996ರವರೆಗೆ, ಲಾಭಾಂಶವನ್ನು ಬಿಟ್ಟು ಬೆಲೆಯೇರಿಕೆಯನ್ನು ಕಳೆದರೆ, ಅಮೆರಿಕದ ಷೇರುಗಳು ವರ್ಷಕ್ಕೆ ಶೇಕಡಾ 4.3ರಂತೆ ಏರಿ ಎಲ್ಲಕ್ಕಿಂತ ಮುಂದಿದ್ದುವೆಂದೂ ಇತರ ದೇಶಗಳ ಮಧ್ಯಾಂಕ ಶೇಕಡಾ 0.8 ಮಾತ್ರವೆಂದೂ ಕಂಡುಕೊಂಡರು. ವೇಡ್ ಫೌ 2010ರಲ್ಲಿ 17 ಮುಂದುವರಿದ ದೇಶಗಳ ಅಂಕಿಗಳಿಗೆ ಶೇಕಡಾ 4ರ ನಿಯಮವನ್ನು ಹಚ್ಚಿ ನೋಡಿದಾಗ ಹೆಚ್ಚಿನ ದೇಶಗಳಲ್ಲಿ ಅದು ನಿಲ್ಲಲಿಲ್ಲ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ್ದ ಶಿಖರವನ್ನು ಮತ್ತೆ ದಾಟಿದುದು 2024ರ ಫೆಬ್ರವರಿಯಲ್ಲಿ. ಆ ಮೂವತ್ತನಾಲ್ಕು ವರ್ಷಗಳು ಒಬ್ಬನ ನಿವೃತ್ತ ಜೀವನಕ್ಕಿಂತಲೂ ದೀರ್ಘವಾದುವು.

ಇನ್ನು ನಮ್ಮ ದೇಶದ ಅಂಕಿಗಳು. ಭಾರತದ ನಿವೃತ್ತನಿಗೆ ಲೆಕ್ಕ ಹೇಳುವವರು ಸಾಮಾನ್ಯವಾಗಿ ಮುಂಬಯಿಯ ಸೆನ್ಸೆಕ್ಸ್ ಸೂಚ್ಯಂಕವನ್ನು ಆಶ್ರಯಿಸುತ್ತಾರೆ. ಅದರ ಆಧಾರ ವರ್ಷ 1978-79, ಆಧಾರ ಸಂಖ್ಯೆ 100. ಅದು ಬೆಳಕಿಗೆ ಬಂದುದಾದರೋ 1986ರಲ್ಲಿ. ಎಂದರೆ ಮೊದಲ ಆರೇಳು ವರ್ಷಗಳ ಅಂಕಿಗಳು ಹಿಂದಿರುಗಿ ಬರೆದವು. 1986ರಲ್ಲಿ ಗಣ್ಯವೆನಿಸಿದ್ದ 30 ಕಂಪೆನಿಗಳ ಚರಿತ್ರೆಯನ್ನು ಹಿಂದಕ್ಕೆ ಎಳೆದು ಕಟ್ಟಿದವು. ರಾಜನು ಪಟ್ಟಕ್ಕೆ ಬಂದ ಮೇಲೆ ಬರೆಯಿಸಿದ ವಂಶಾವಳಿಯನ್ನು ನಾವು ಯಾವ ಎಚ್ಚರದಿಂದ ಓದುತ್ತೇವೆಯೋ ಈ ಭಾಗವನ್ನೂ ಅದೇ ಎಚ್ಚರದಿಂದ ಓದತಕ್ಕದ್ದು. ಅಂದಿನ ಪಟ್ಟಿಯಲ್ಲಿದ್ದ ಹಿಂದುಸ್ಥಾನ್ ಮೋಟಾರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್‌ಗಳನ್ನು ಇಂದಿನ ಪಟ್ಟಿಯಲ್ಲಿ ಹುಡುಕಿದರೆ ಸಿಗಲಾರವು. ಸೂಚ್ಯಂಕವು ಸೋತವರನ್ನು ಹೊರಗಿಟ್ಟು ಗೆಲ್ಲುತ್ತಿರುವವರನ್ನು ಒಳಗೆ ಕರೆಯುತ್ತ ತಾನು ಚಿರಂಜೀವಿಯಾಗಿ ಉಳಿಯುತ್ತದೆ.

ಇದಕ್ಕಿಂತಲೂ ಗಂಭೀರವಾದ ಲೋಪವೊಂದಿದೆ. ಸ್ವತಂತ್ರ ಭಾರತದ ಉಳಿತಾಯಗಾರನಿಗೆ ಅತ್ಯಂತ ಕೆಟ್ಟ ವರ್ಷಗಳಲ್ಲಿ 1974ನೆಯದು ಒಂದು. ಬೆಲೆಗಳು ಒಂದೇ ವರ್ಷದಲ್ಲಿ ಶೇಕಡಾ 25ನ್ನೂ ಮೀರಿ ಏರಿದುವು. ಏರಿದ ತುಟ್ಟಿಭತ್ಯೆಯಲ್ಲಿ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ತಡೆಹಿಡಿಯುವ, ಕಂಪೆನಿಗಳು ಹಂಚಬಹುದಾದ ಲಾಭಾಂಶಕ್ಕೆ ಮಿತಿ ಹಾಕುವ ಆಜ್ಞೆಗಳು ಆ ವರ್ಷದ ಜುಲೈಯಲ್ಲಿ ಹೊರಟುವು. ಷೇರು ಇಟ್ಟುಕೊಂಡವನಿಗೂ ಸಂಬಳ ನಂಬಿದವನಿಗೂ ಏಕಕಾಲದಲ್ಲಿ ಪೆಟ್ಟು ಬಿದ್ದಿತು. ಆದರೆ ಸೆನ್ಸೆಕ್ಸನ್ನು ಆಧರಿಸಿದ ‘ಭಾರತದ ಇತಿಹಾಸ’ ಆರಂಭವಾಗುವುದೇ ಇದೆಲ್ಲ ಮುಗಿದು ನಾಲ್ಕೈದು ವರ್ಷಗಳಾದ ಮೇಲೆ. ಅಂಕಿಗಳು ಇರಲಿಲ್ಲವೆಂದಲ್ಲ; ರಿಸರ್ವ್ ಬ್ಯಾಂಕು ಅದಕ್ಕೂ ಮುಂಚಿನಿಂದಲೇ ಷೇರುಬೆಲೆಗಳ ಸೂಚ್ಯಂಕವನ್ನು ಪ್ರಕಟಿಸುತ್ತಿತ್ತು. ಗಣಕಯಂತ್ರಕ್ಕೆ ಸುಲಭವಾಗಿ ಒದಗುವ ಸರಣಿಯನ್ನೇ ಇತಿಹಾಸವೆಂದು ಕರೆದುದರ ಫಲವಿದು. ಆ ಸರಣಿಯೊಳಗೂ, 1992ರ ಏಪ್ರಿಲಿನಲ್ಲಿ 4,400ನ್ನು ದಾಟಿದ್ದ ಸೂಚ್ಯಂಕ ಹನ್ನೊಂದು ವರ್ಷಗಳ ಬಳಿಕ 2003ರ ಏಪ್ರಿಲಿನಲ್ಲಿ 3,000ದ ಆಸುಪಾಸಿನಲ್ಲಿತ್ತೆಂಬುದನ್ನು ಜಾಹೀರಾತಿನ ನಕ್ಷೆಗಳು ಎತ್ತಿ ತೋರಿಸುವುದಿಲ್ಲ. ಒಟ್ಟು ನಲವತ್ತೇಳು ವರ್ಷಗಳ ಸರಣಿಯಲ್ಲಿ 30 ವರ್ಷಗಳ ಸ್ವತಂತ್ರ ಅವಧಿಗಳು ಒಂದೂವರೆ.

ನಿಶ್ಚಿತ ಬಡ್ಡಿಯ ಕಡೆಯಲ್ಲಿಯೂ ಪರಿಸ್ಥಿತಿ ಭಿನ್ನವಲ್ಲ. ನೌಕರರ ಭವಿಷ್ಯ ನಿಧಿಗೆ 1989-90ರಿಂದ 1999-2000ದವರೆಗೆ ಶೇಕಡಾ 12 ಬಡ್ಡಿ ಸಿಕ್ಕಿತು; 2021-22ರಲ್ಲಿ ಅದು ಶೇಕಡಾ 8.1. ಮೊದಲನೆಯ ದರದಲ್ಲಿ ಹಣ ಇಮ್ಮಡಿಯಾಗಲು ಸುಮಾರು ಆರು ವರ್ಷ, ಎರಡನೆಯದರಲ್ಲಿ ಸುಮಾರು ಒಂಬತ್ತು ವರ್ಷ. ಈ ದರಗಳನ್ನು ನಿಧಿಯ ಮಂಡಳಿ ಶಿಫಾರಸು ಮಾಡಿ ಸರ್ಕಾರ ಒಪ್ಪಬೇಕು. ಅವು ಆಡಳಿತದ ನಿರ್ಧಾರಗಳ ದಾಖಲೆ. ಆಡಳಿತದ ನಿರ್ಧಾರಗಳನ್ನು ಮಳೆಯ ಅಳತೆಯಂತೆ ಸರಾಸರಿ ಮಾಡಿ ಮುಂದಿನ ಮಳೆಯನ್ನು ಹೇಳಹೊರಟರೆ ಹೇಗೆ?

ಕಳೆದ ವರ್ಷಗಳ ಲೆಕ್ಕದಿಂದ ಮುಂದಿನ ವರ್ಷಗಳ ಭಾರವನ್ನು ನಿಗದಿ ಮಾಡುವ ಪ್ರಯೋಗ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲವೆಂಬುದು ಇಲ್ಲಿ ಸ್ಮರಣೀಯ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೊ ಹಳೆಯ ಕಡತಗಳನ್ನು ತರಿಸಿ, ವಿಜಯನಗರ ಮತ್ತು ಬಿದನೂರು ಅರಸರ ಕಾಲದ ಕಂದಾಯದಿಂದ ಹಿಡಿದು ಹೈದರ್, ಟಿಪ್ಪು ಕಾಲದ ಹೆಚ್ಚಳದವರೆಗಿನ ಸರಣಿಯನ್ನು ಕಟ್ಟಿ, ಭೂಮಿ ಎಷ್ಟನ್ನು ಹೊರಬಲ್ಲುದೆಂದು ಅದರಿಂದ ಅಳೆಯಲು ನೋಡಿದನು. 1819-20ರಲ್ಲಿ ಬಂದ ‘ತರಾವು’ ಎಂಬ ನಿರ್ಣಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕಂಪನಿಯ ಆಳ್ವಿಕೆಯಲ್ಲಿ ಅದುವರೆಗೆ ಆಗಿದ್ದ ವಸೂಲಿಯ ಸರಾಸರಿಯೇ ಮುಂದಿನ ಕಂದಾಯ. ನೋಡುವುದಕ್ಕೆ ಎಷ್ಟು ನ್ಯಾಯವಾದ ಸೂತ್ರ! ಹಿಂದೆ ಕೊಟ್ಟುದನ್ನೇ ಮುಂದೆಯೂ ಕೊಡಬಲ್ಲರಷ್ಟೆ. ಆದರೆ ಸರಾಸರಿಯನ್ನು ತೆಗೆದ ವರ್ಷಗಳು ಬೆಲೆ ಚೆನ್ನಾಗಿದ್ದ ವರ್ಷಗಳು. ಮುಂದಿನ ದಶಕದಲ್ಲಿ ಬೆಲೆಗಳು ಇಳಿದುವು, ಕಂದಾಯ ಇಳಿಯಲಿಲ್ಲ. 1830-31ರಲ್ಲಿ ಜಿಲ್ಲೆಯ ರೈತರು ಕಂದಾಯ ಕೊಡಲಾಗದೆಂದು ‘ಕೂಟ’ಗಳನ್ನು ಸೇರಿದರು. ಬಳಿಕ ಅಧಿಕಾರಿಗಳು ತರಾವನ್ನು ಪೂರ್ತಿ ತೆರಬಲ್ಲ ವರ್ಗಗಳನ್ನು ‘ಭರ್ತಿ’ ಎಂದೂ ತೆರಲಾರದವನ್ನು ‘ಕಮ್‌ಭರ್ತಿ’ ಎಂದೂ ಬೇರ್ಪಡಿಸಬೇಕಾಯಿತು. ಸರಾಸರಿಯು ಯಾರನ್ನು ಮುಚ್ಚಿಟ್ಟಿತ್ತೋ ಅವರಿಗೆ ಕೊನೆಗೊಂದು ಹೆಸರು ಬಂದಿತು.

ಎರಡನೆಯ ನಿದರ್ಶನ ನಮಗೆ ಇನ್ನೂ ಸಮೀಪದ್ದು. ವಾಮದಪದವು ಎಂಬ ಹೆಸರಿನಲ್ಲಿಯೇ ಪದವು, ಎಂದರೆ ಮುರಕಲ್ಲಿನ ಎತ್ತರದ ಬಯಲು, ಇದೆ. ಇಂತಹ ಪದವುಗಳ ಅಂಚಿನಿಂದ ಇಳಿಯುತ್ತ ಹೋದಂತೆ ಬೆಟ್ಟು, ಮಜಲು, ಬೈಲು ಎಂಬ ಮೂರು ತರದ ಗದ್ದೆಗಳು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆಗಳಲ್ಲೆಲ್ಲ ನೋಟ ಇದೇ. ಈ ಗದ್ದೆಗಳಲ್ಲಿ ಬಹಳಷ್ಟನ್ನು ಚಾಲಗೇಣಿಯ ಮೇಲೋ ಮೂಲಗೇಣಿಯ ಮೇಲೋ ಒಕ್ಕಲುಗಳು ಸಾಗುವಳಿ ಮಾಡುತ್ತಿದ್ದರು. ಭೂಮಿಯ ಒಡೆಯರಲ್ಲಿ ದೊಡ್ಡ ಧನಿಗಳೂ ದೇವಸ್ಥಾನಗಳೂ ಇದ್ದಂತೆಯೇ, ಎರಡು ಮೂರು ಎಕರೆಯ ಗೇಣಿಯನ್ನು ನೆಚ್ಚಿಕೊಂಡು ಮುಪ್ಪನ್ನು ಕಳೆಯುತ್ತಿದ್ದ ವಿಧವೆಯರೂ ಪಟ್ಟಣದಲ್ಲಿ ಗುಮಾಸ್ತಗಿರಿ ಮಾಡಿ ನಿವೃತ್ತರಾದವರೂ ಇದ್ದರು. ಗೇಣಿ ಅಕ್ಕಿಯ ರೂಪದಲ್ಲಿ ಮುಡಿಯ ಲೆಕ್ಕದಲ್ಲಿ ಬರುತ್ತಿದ್ದುದರಿಂದ ಬೆಲೆಯೇರಿಕೆಯ ಭಯವೂ ಇರಲಿಲ್ಲ. ಮುಪ್ಪಿನ ಆದಾಯವಾಗಿ ಇದಕ್ಕಿಂತ ಸುಭದ್ರವಾದುದು ಆ ಕಾಲಕ್ಕೆ ಬೇರೊಂದು ತೋರುತ್ತಿರಲಿಲ್ಲ. 1973ರಲ್ಲಿ ಯಾರಾದರೂ ಹಿಂದಿನ ನೂರೈವತ್ತು ವರ್ಷಗಳ ಗೇಣಿ ಚೀಟಿಗಳನ್ನು ಕೂಡಿಹಾಕಿ ಇಂದಿನ ಪದ್ಧತಿಯಂತೆ ಗಣನೆ ಮಾಡಿದ್ದರೆ, ಬರಗಾಲದ ಕೆಲವು ವರ್ಷಗಳನ್ನು ಬಿಟ್ಟು, ‘ಯಶಸ್ಸಿನ ಪ್ರಮಾಣ’ ನೂರಕ್ಕೆ ನೂರರ ಸಮೀಪ ಬರುತ್ತಿತ್ತು.

1974ನೆಯ ಮಾರ್ಚ್ 1ರಂದು, ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಶಾಸನದ ಪ್ರಕಾರ, ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿದುವು. ಒಕ್ಕಲುಗಳು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರು. ನಮ್ಮ ಕಡೆಯ ಜನ ಇಂದಿಗೂ ಅದನ್ನು ‘ಡಿಕ್ಲರೇಶನ್’ ಎಂದೇ ಕರೆಯುವುದು. ಅರ್ಜಿ ಸಲ್ಲಿಸಲು ಕೊನೆಯ ದಿನ 1979ರ ಜೂನ್ 30ರವರೆಗೆ ಮುಂದುವರಿಯಿತು. ಈ ಶಾಸನವು ತಲೆತಲಾಂತರದ ಅನ್ಯಾಯವೊಂದನ್ನು ಸರಿಪಡಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಈ ಜಿಲ್ಲೆಯ ಕಾಲೇಜುಗಳಲ್ಲಿ ಇಂದು ಓದುತ್ತಿರುವ ಅನೇಕ ವಿದ್ಯಾರ್ಥಿಗಳ ಮನೆಯ ಅಡಿಪಾಯ ಆ ಡಿಕ್ಲರೇಶನ್ನಿನ ಮೇಲೆ ನಿಂತಿದೆ. ಇಲ್ಲಿ ಹೇಳಬೇಕಾದುದು ಬೇರೆ. ಒಬ್ಬರ ಮುಪ್ಪಿನ ಆಸರೆಯನ್ನು ತೆಗೆದು ಮತ್ತೊಬ್ಬರಿಗೆ ಬಾಳಿನ ಆಸರೆಯನ್ನು ಕೊಟ್ಟ ಆ ದಿನದ ಸುಳಿವು ಹಿಂದಿನ ಗೇಣಿಯ ಅಂಕಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಅದು ಇದ್ದುದು ರೈತ ಸಂಘಗಳ ನಿರ್ಣಯಗಳಲ್ಲಿ, ವಿಧಾನಸಭೆಯ ಚರ್ಚೆಗಳಲ್ಲಿ, 1961ರ ಮೂಲ ಶಾಸನದಲ್ಲಿ. ಅಂಕಿಗಳನ್ನು ಮಾತ್ರ ಓದಿದವನಿಗೆ ಅದು ಸಿಡಿಲು. ಉಳಿದ ಆಕರಗಳನ್ನೂ ಓದಿದವನಿಗೆ ಬಹುಕಾಲದಿಂದ ಕವಿಯುತ್ತಿದ್ದ ಮೋಡ. ತುಳುನಾಡಿನ ದಾನಶಾಸನಗಳು ಆಚಂದ್ರಾರ್ಕವಾಗಿ ನಡೆಯಲೆಂದು ಕೊಟ್ಟ ಅಕ್ಕಿಯ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿವೆ. ಕಲ್ಲು ಉಳಿದಿದೆ.

ಇದಕ್ಕೆ ಪದ್ಧತಿಯ ಪರವಾದಿಗಳು ಕೊಡುವ ಉತ್ತರ ಗೊತ್ತಿರುವುದೇ: ಶಾಸನದ ಬದಲಾವಣೆಯನ್ನು ಯಾವ ಗಣನೆಯೂ ಹೇಳಲಾರದು, ಹಾಗೆಂದು ಗಣನೆಯನ್ನೇ ಬಿಡುವುದೆ? ಬಿಡಬೇಕಾಗಿಲ್ಲ. ಅದರಿಂದ ಯಾವ ತೀರ್ಮಾನವನ್ನು ತೆಗೆಯಬಹುದೆಂಬುದನ್ನು ಮಿತಿಗೊಳಿಸಿದರೆ ಸಾಕು. ಯೋಜನೆಯೊಂದು ಗತಕಾಲದ ಯಾವುದಾದರೊಂದು ನೈಜ ಅವಧಿಯಲ್ಲಿ ಮುರಿದು ಬೀಳುತ್ತದೆಂದು ಗಣನೆ ತೋರಿಸಿದರೆ ಅದು ಬಲವಾದ ಪ್ರಮಾಣ. ಒಮ್ಮೆ ಆದುದು ಮತ್ತೊಮ್ಮೆ ಆಗಬಹುದು. ಯೋಜನೆಯು ಎಲ್ಲ ಅವಧಿಗಳಲ್ಲೂ ಉಳಿಯುತ್ತದೆಂದು ತೋರಿಸಿದರೆ ಅದರಿಂದ ಸಿದ್ಧವಾಗುವುದು ತೀರ ಕಡಿಮೆ. ಈ ಪದ್ಧತಿಗೆ ತಿರಸ್ಕರಿಸುವ ಶಕ್ತಿ ಇದೆ, ಭರವಸೆ ಕೊಡುವ ಶಕ್ತಿ ಇಲ್ಲ. ಕೋಷ್ಟಕಗಳು ಮಾರಾಟವಾಗುತ್ತಿರುವುದಾದರೋ ಭರವಸೆಯ ಹೆಸರಿನಲ್ಲಿ. ಹಳೆಯ ಅಂಕಿಗಳನ್ನು ಕಲಸಿ ಸಾವಿರಾರು ಕಲ್ಪಿತ ಚರಿತ್ರೆಗಳನ್ನು ಹುಟ್ಟಿಸುವ ಮಾಂಟೆ ಕಾರ್ಲೊ ಪದ್ಧತಿಯೂ ಈ ವಿಷಯದಲ್ಲಿ ನೆರವಾಗಲಾರದು. ಅದರ ಸರಾಸರಿಯೂ ಏರಿಳಿತದ ಅಳತೆಯೂ ಸಾಮಾನ್ಯವಾಗಿ ಆ ಒಂದೇ ಗತಕಾಲದಿಂದ ಕಡ ತಂದವು.

ಎನ್.ಪಿ.ಎಸ್.ಗೆ ಒಳಪಟ್ಟ ಅಧ್ಯಾಪಕರ ಸ್ಥಿತಿಗೆ ಇದನ್ನು ಹಚ್ಚಿ ನೋಡೋಣ. ತಾವಾಗಿ ಬೇರೆ ಆಯ್ಕೆ ಮಾಡದ ಸರ್ಕಾರಿ ನೌಕರರ ಹಣದಲ್ಲಿ ಬಹುಭಾಗ ಸಾಲಪತ್ರಗಳಲ್ಲಿ ತೊಡಗಿರುತ್ತದೆ. ಅರ್ಧದಷ್ಟಾದರೂ ಷೇರುಗಳಲ್ಲಿ ಇರಬೇಕೆನ್ನುವ ಬೆಂಗೆನ್‌ರ ನಿಯಮ ಅದಕ್ಕೆ ಮೊದಲೇ ಹೊಂದುವುದಿಲ್ಲ. ನಿಧಿಯ ನಿರ್ವಾಹಕರು ಹಣ ತೊಡಗಿಸಲು ಆರಂಭಿಸಿದುದೇ 2008ರಲ್ಲಿ. ಮೂವತ್ತು ವರ್ಷ ಕೂಡಿಟ್ಟು ಮೂವತ್ತು ವರ್ಷ ಉಂಡವರು ಈ ವ್ಯವಸ್ಥೆಯಲ್ಲಿ ಇನ್ನೂ ಒಬ್ಬರೂ ಇಲ್ಲ. ಅಷ್ಟರಲ್ಲಿಯೇ ನಿಯಮಗಳು ಹಲವು ಬಾರಿ ಬದಲಾಗಿವೆ. 2006ಕ್ಕೆ ಮೊದಲೇ ನೇಮಕದ ಅಧಿಸೂಚನೆ ಹೊರಟಿದ್ದು ತಡವಾಗಿ ಸೇವೆಗೆ ಸೇರಿದ ರಾಜ್ಯ ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿ ದೊರೆಯಿತು. ಕೇಂದ್ರದ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ಬಂದಿತು. ಇವು ನೌಕರರ ಸಂಘಟನೆಗಳ ಬೇಡಿಕೆಯಿಂದ ಆದ ಬದಲಾವಣೆಗಳು. ಯಾವ ಷೇರುಪೇಟೆಯ ನಕ್ಷೆಯಲ್ಲಿಯೂ ಇವು ಕಾಣವು.

ನಮ್ಮ ಊರುಗಳಲ್ಲಿ ಇದಕ್ಕಿಂತಲೂ ಚಿಕ್ಕ ಲೆಕ್ಕದ ಮೇಲೆ ಬದುಕುವವರಿದ್ದಾರೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವ ಹೆಂಗಸರಿಗೂ ಭವಿಷ್ಯ ನಿಧಿ ಅನ್ವಯಿಸುತ್ತದೆಂಬುದು 1985ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಥಿರವಾಯಿತು; 1995ರ ನವೆಂಬರಿನಿಂದ ನೌಕರರ ಪಿಂಚಣಿ ಯೋಜನೆ ಬಂದಿತು. ಆ ಯೋಜನೆಯ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಗಿ, ಮುಂದಿನ ಹತ್ತು ವರ್ಷಗಳಲ್ಲಿಯೂ ಅಷ್ಟೇ ಉಳಿಯಿತು. ವರ್ಷಕ್ಕೆ ಶೇಕಡಾ 5ರಂತೆ ಬೆಲೆಯೇರಿದರೂ ಹತ್ತು ವರ್ಷಗಳಲ್ಲಿ ಆ ಸಾವಿರದ ಕೊಳ್ಳುವ ಶಕ್ತಿ ಸುಮಾರು 614 ರೂಪಾಯಿಗೆ ಇಳಿಯುತ್ತದೆ. ಇದನ್ನು ಹೇಳಲು ಅನುಕರಣ ಗಣನೆ ಬೇಕಾಗಿಲ್ಲ, ಗುಣಾಕಾರ ಸಾಕು.

ಹೀಗಿರುವಾಗ ನಮ್ಮಂತಹ ವಿಭಾಗಗಳು ಮಾಡಬಹುದಾದ ಕೆಲಸವೊಂದಿದೆ. ಈ ಜಿಲ್ಲೆಯಲ್ಲಿ ಜನರು ಮುಪ್ಪಿಗೆಂದು ಏನನ್ನು ಕೂಡಿಟ್ಟರು, ಅದು ಏನಾಯಿತು ಎಂಬುದರ ಅಂಕಿಗಳು ಮುಂಬಯಿಯಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಇಲ್ಲ. ಇಲ್ಲಿಯ ಮನೆಗಳ ಪೆಟ್ಟಿಗೆಗಳಲ್ಲಿವೆ. ಗೇಣಿ ಚೀಟಿಗಳು, ಭೂ ನ್ಯಾಯಮಂಡಳಿಯ ಆದೇಶಗಳು, ಅಡಕೆ ಮಾರಿದ ಪಟ್ಟಿಗಳು, ಬೀಡಿಯ ಲೆಕ್ಕದ ಪುಸ್ತಕಗಳು, 1928ರಲ್ಲಿ ದಿನಕ್ಕೆರಡಾಣೆಯಿಂದ ಆರಂಭವಾದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯ ಪಾಸ್‌ಬುಕ್ಕುಗಳು ಇನ್ನೂ ಕೆಲವೆಡೆ ಉಳಿದಿವೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಹಳೆಯ ಪಾಸ್‌ಬುಕ್ಕುಗಳಿಗೆ ಈಗ ಬೆಲೆ ಇಲ್ಲವೆಂದು ಜನ ಅವನ್ನು ಎಸೆಯುತ್ತಿದ್ದಾರೆ. ನೂರು ಮನೆಗಳಿಂದ ಇಂತಹ ದಾಖಲೆಗಳನ್ನು ವಿದ್ಯಾರ್ಥಿಗಳು ಪ್ರತಿಮಾಡಿ ತಂದರೂ, 1950ರಿಂದ ಈಚೆಗೆ ಒಂದೊಂದು ದಶಕದಲ್ಲಿ ದುಡಿಮೆ ನಿಲ್ಲಿಸಿದವರು ಯಾವುದರ ಮೇಲೆ ಬದುಕಿದರೆಂಬ ಪಟ್ಟಿಯೊಂದನ್ನು ಸಿದ್ಧಗೊಳಿಸಬಹುದು. ಆ ಪಟ್ಟಿಯಲ್ಲಿ 1974ರ ಮಾರ್ಚ್‌ಗೆ ಮುಂಚೆ ನಿವೃತ್ತರಾದ ಗೇಣಿಯೊಡೆಯರೂ ಸೇರಿರಬೇಕು, ಅವರ ಒಕ್ಕಲುಗಳೂ ಸೇರಿರಬೇಕು.